ಕತ್ತಿ ಹಿಡಿದ ಸೀತೆ ನಾಲ್ಕನೇ ಪುಸ್ತಕದಲ್ಲಿ ಏನು ಮಾಡಿದಳು?

ಮೂರು ಕಾದಂಬರಿ. ಒಂದರಲ್ಲಿ ರಾಮ ನಾಯಕ, ಇನ್ನೊಂದರಲ್ಲಿ ಸೀತೆ, ಮತ್ತೊಂದರಲ್ಲಿ ರಾವಣ. ಮೂರೂ ಅವರವರ ಎಳವೆಗೆ ಹಿಂದಕ್ಕೆ ಹೋಗಿ, ಮೂರು ಬೇರೆ ಬೇರೆ ದಾರಿ ಹಿಡಿದು, ಕೊನೆಗೆ ಬಂದು ನಿಲ್ಲುವುದು ಮಾತ್ರ ಒಂದೇ ಹೊತ್ತಿಗೆ. ಸೀತೆ ರಾವಣನ ವಶವಾಗುವ ಹೊತ್ತು. 2015ರಿಂದ 2019ರ ತನಕ ಓದುಗರು ಮೂರು ಸಲ ಅದೇ ಪಂಚವಟಿಗೆ ಬಂದು ಮುಟ್ಟಿದರು. ಆಮೇಲೆ ಇನ್ನೂ ಮೂರು ವರ್ಷ ಕಾದರು. 2022ರ ಅಕ್ಟೋಬರಿನಲ್ಲಿ ನಾಲ್ಕನೆಯದು ಬಂತು. ಹೆಸರು ‘ವಾರ್ ಆಫ್ ಲಂಕಾ’.

ಈಗ ನೀವೇ ಹೇಳಿ. ಮುಂದೆ ಏನಾಗ್ತದೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಸೇತುವೆ ಕಟ್ಟುತ್ತಾರೆ, ಯುದ್ಧ ಆಗ್ತದೆ, ರಾವಣ ಸಾಯ್ತಾನೆ. ನಮ್ಮ ಮನೆಯ ಐದು ವರ್ಷದ ಮಗುವಿಗೂ ಗೊತ್ತಿರುವ ಕತೆ. ಹಾಗಾದರೆ ಜನ ದುಡ್ಡು ಕೊಟ್ಟು ನಾಲ್ಕನೇ ಭಾಗ ಯಾಕೆ ಓದ್ತಾರೆ? ಓದಿದ ಮೇಲೆ ಅವರಿಗೆ ಸಿಕ್ಕಿದ್ದು ಏನು, ಸಿಗದೇ ಹೋದದ್ದು ಏನು? ಇವತ್ತಿನ ಕಂತು ಇದರ ಬಗ್ಗೆ.

ಮುಂಬಯಿಯ ಗೋರೆಗಾಂವ್‌ನಿಂದ ಮಾತಾಡ್ತಾ ಇದ್ದೇನೆ. ಪಶ್ಚಿಮ ರೈಲ್ವೆಯಲ್ಲಿ ಅಂಧೇರಿ ಕಡೆಯಿಂದ ಬರುವವರಿಗೆ ನಮ್ಮ ಊರಿಗಿಂತ ಒಂದು ಸ್ಟೇಷನ್ ಮೊದಲು ಸಿಗುವುದು ‘ರಾಮ್ ಮಂದಿರ್’. 2016ರ ಡಿಸೆಂಬರಿನಲ್ಲಿ ಶುರುವಾದ ಸ್ಟೇಷನ್. ಇನ್ನು ಗೋರೆಗಾಂವ್ ಪೂರ್ವದಲ್ಲಿ ಆರೆ ಕಾಲೊನಿ ದಾಟಿದರೆ ಫಿಲ್ಮ್ ಸಿಟಿ. 1977ರಲ್ಲಿ ಆದದ್ದು. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯ ಚಿತ್ರೀಕರಣ ನಡೆದದ್ದು ಅಲ್ಲೇ. ಹಳೆಯ ಕತೆಯನ್ನು ಕಂತು ಕಂತಾಗಿ ಮಾಡಿ ಮಾರುವುದು ನಮ್ಮ ಊರಿಗೆ ಹೊಸ ಕಸುಬೇನೂ ಅಲ್ಲ.

ಮೊದಲು ಲೇಖಕರ ವಿಷಯ ಚುಟುಕಾಗಿ. ಅಮೀಶ್ ತ್ರಿಪಾಠಿ. 1974ರಲ್ಲಿ ಮುಂಬಯಿಯಲ್ಲೇ ಹುಟ್ಟಿದವರು. ಕೋಲ್ಕತ್ತಾದ ಐಐಎಂನಲ್ಲಿ ಓದಿ, ಹಣಕಾಸು ಮತ್ತು ವಿಮೆ ಕಂಪೆನಿಗಳಲ್ಲಿ ಹದಿನಾಲ್ಕು ವರ್ಷ ದುಡಿದವರು. ಮೊದಲ ಪುಸ್ತಕದ ಎಷ್ಟೋ ಭಾಗವನ್ನು ಆಫೀಸಿಗೆ ಹೋಗಿ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬರೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಮುಂಬಯಿಯ ಟ್ರಾಫಿಕ್ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ, ಆ ಪುರುಸೊತ್ತಿನಲ್ಲಿ ಮಹಾಕಾವ್ಯವನ್ನೇ ಬರೆಯಬಹುದು.

ಆ ಮೊದಲ ಪುಸ್ತಕವನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. ಕೊನೆಗೆ 2010ರಲ್ಲಿ ತಮ್ಮ ಏಜೆಂಟರ ಮೂಲಕ ತಾವೇ ಹೊರತಂದರು. ಮೊದಲ ಅಧ್ಯಾಯವನ್ನು ಬೇರೆಯಾಗಿ ಅಚ್ಚು ಹಾಕಿಸಿ ಪುಸ್ತಕದಂಗಡಿಗಳಲ್ಲಿ ಪುಕ್ಕಟೆ ಹಂಚಿದರು. ಅದೇ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹಾ’. ಶಿವನನ್ನು ಟಿಬೆಟ್ಟಿನ ಒಬ್ಬ ಬುಡಕಟ್ಟಿನ ನಾಯಕ ಅಂತ ಇಟ್ಟುಕೊಂಡ ಕತೆ. 2011ರಲ್ಲಿ ಎರಡನೆಯದು, 2013ರಲ್ಲಿ ಮೂರನೆಯದು. ಅಲ್ಲಿಗೆ ಶಿವ ಸರಣಿ ಮುಗಿಯಿತು. ಕನ್ನಡಕ್ಕೂ ಬಂತು. ಅದೇ 2013ರಲ್ಲಿ, ಇನ್ನೂ ವಿಷಯ ಏನು ಅಂತಲೇ ಹೊರಗೆ ಹೇಳದ ಮುಂದಿನ ಸರಣಿಗೆ ಐದು ಕೋಟಿ ರೂಪಾಯಿ ಮುಂಗಡ ಸಿಕ್ಕಿದೆ ಅಂತ ಪತ್ರಿಕೆಗಳಲ್ಲಿ ಬಂತು. ಬೇಡ ಅಂದಿದ್ದ ಲೋಕವೇ ಮೂರು ವರ್ಷದಲ್ಲಿ ತಿರುಗಿ ನಿಂತಿತ್ತು.

ಆ ಮುಂದಿನ ಸರಣಿಯೇ ‘ರಾಮಚಂದ್ರ’ ಸರಣಿ. ಇಲ್ಲೊಂದು ಸಣ್ಣ ಲೆಕ್ಕ ನೆನಪಿಟ್ಟುಕೊಳ್ಳಿ. ಅಮೀಶ್ ಅವರ ಲೋಕದಲ್ಲಿ ಶಿವನ ಕತೆ ನಡೆಯುವುದು ಕ್ರಿಸ್ತಪೂರ್ವ 1900ರಲ್ಲಿ, ರಾಮನದ್ದು ಕ್ರಿಸ್ತಪೂರ್ವ 3400ರಲ್ಲಿ. ಅಂದರೆ ‘ವಾರ್ ಆಫ್ ಲಂಕಾ’ ಎರಡೂ ಸರಣಿ ಸೇರಿ ಬಂದ ಏಳನೇ ಪುಸ್ತಕ, ಆದರೆ ಅದರ ಕತೆ ಮೊದಲನೇ ಪುಸ್ತಕಕ್ಕಿಂತ ಸಾವಿರದ ಐನೂರು ವರ್ಷ ಹಿಂದಿನದು. ಶಿವ ಸರಣಿಯಲ್ಲಿ ಮೆಲೂಹ ಅನ್ನುವ ದೇಶದ ಜನ ರಾಮ ಹಾಕಿಕೊಟ್ಟ ಕಾನೂನಿನ ಪ್ರಕಾರ ಬದುಕುವವರು. ಆ ಕಾನೂನು ಹುಟ್ಟಿದ್ದು ಹೇಗೆ, ಆ ರಾಮ ಯಾರು ಅಂತ ಹಿಂದಕ್ಕೆ ಹೋಗಿ ತೋರಿಸುವುದು ರಾಮಚಂದ್ರ ಸರಣಿಯ ಕೆಲಸ.

ಈಗ ಸರಣಿ ಕಟ್ಟಿದ ರೀತಿಯ ವಿಷಯಕ್ಕೆ ಬರುವ. ಸಾಮಾನ್ಯವಾಗಿ ಸರಣಿ ಅಂದರೆ ಒಂದನೇ ಭಾಗ ಮುಗಿದಲ್ಲಿಂದ ಎರಡನೆಯದು ಶುರು. ಇಲ್ಲಿ ಹಾಗಿಲ್ಲ. ವಿರಾರ್ ಕಡೆಯಿಂದ ಒಂದು ಗಾಡಿ, ಕಲ್ಯಾಣ ಕಡೆಯಿಂದ ಇನ್ನೊಂದು, ಎಲ್ಲ ದಾದರಿನಲ್ಲಿ ಬಂದು ಸೇರುವ ಹಾಗೆ ಮೂರು ಪುಸ್ತಕ ಬಂದು ಒಂದೇ ಕಡೆ ನಿಲ್ಲುತ್ತವೆ. 2015ರ ‘ಸಯಾನ್ ಆಫ್ ಇಕ್ಷ್ವಾಕು’ ರಾಮನ ಗಾಡಿ. 2017ರ ‘ಸೀತಾ: ವಾರಿಯರ್ ಆಫ್ ಮಿಥಿಲಾ’ ಸೀತೆಯದ್ದು. 2019ರ ‘ರಾವಣ್: ಎನಿಮಿ ಆಫ್ ಆರ್ಯಾವರ್ತ’ ಎದುರು ಪಕ್ಷದವನದ್ದು. ನಾಲ್ಕನೆಯದು ಈ ಮೂರೂ ಗಾಡಿಯ ಜನರನ್ನು ಒಟ್ಟಿಗೆ ಹತ್ತಿಸಿಕೊಂಡು ಹೊರಡಬೇಕು.

ಇದರ ಲಾಭ ಏನು ಅಂತ ಒಂದು ಉದಾಹರಣೆ ಕೊಡ್ತೇನೆ. ಮೊದಲ ಪುಸ್ತಕ ತೆರೆದರೆ ರಾಮ ಲಕ್ಷ್ಮಣರು ಗೋದಾವರಿ ತೀರದ ಕಾಡಿನಲ್ಲಿ ಬೇಟೆಗೆ ಹೋಗಿದ್ದಾರೆ. ಹಿಂದೆ ಬರುವಷ್ಟರಲ್ಲಿ ಪುಷ್ಪಕ ವಿಮಾನ ಮೇಲಕ್ಕೆ ಏಳ್ತದೆ. ಅಮೀಶರ ಪುಷ್ಪಕಕ್ಕೆ ಹೆಲಿಕಾಪ್ಟರಿನ ಹಾಗೆ ತಿರುಗುವ ರೆಕ್ಕೆ ಉಂಟು. ರಾಮನಿಗೆ ಕಾಣುವುದು ಅಷ್ಟೇ: ಮೇಲೇರುವ ವಿಮಾನ, ಕೆಳಗೆ ಬಿದ್ದುಕೊಂಡ ಜಟಾಯು. ನಡುವೆ ಏನಾಯ್ತು ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಎರಡನೇ ಪುಸ್ತಕದಲ್ಲಿ ಅದೇ ಹೊತ್ತನ್ನು ಸೀತೆಯ ಕಣ್ಣಿನಿಂದ ನೋಡ್ತೇವೆ. ಅವಳು ಹೆದರಿ ಕೂತವಳಲ್ಲ, ಹೋರಾಡಿದವಳು. ಮೂರನೆಯದರಲ್ಲಿ ಎತ್ತಿಕೊಂಡು ಹೋದವನ ಕಡೆಯಿಂದ. ಒಂದೇ ಘಟನೆಗೆ ಮೂರು ಸಾಕ್ಷಿ. ಅಕಿರಾ ಕುರೊಸಾವಾ 1950ರಲ್ಲಿ ‘ರಾಶೊಮಾನ್’ ಸಿನಿಮಾದಲ್ಲಿ ಇದನ್ನೇ ಮಾಡಿದ್ದು. ವ್ಯತ್ಯಾಸ ಏನೆಂದರೆ, ಅಲ್ಲಿ ಸಾಕ್ಷಿಗಳ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಲ್ಲಿ ಒಂದರ ಖಾಲಿ ಜಾಗವನ್ನು ಇನ್ನೊಂದು ತುಂಬುತ್ತದೆ.

ಮುಂದೆ ಮೂರನೇ ಪುಸ್ತಕದ ಗುಟ್ಟು ಒಂದನ್ನು ಹೇಳ್ತೇನೆ. ಓದಬೇಕು ಅಂತ ಇರುವವರು ಸ್ವಲ್ಪ ಮುಂದಕ್ಕೆ ಓಡಿಸಿಕೊಳ್ಳಿ.

ಅಮೀಶರ ರಾವಣ ಹತ್ತು ತಲೆಯ ರಾಕ್ಷಸನಲ್ಲ. ಸಮುದ್ರ ವ್ಯಾಪಾರದಲ್ಲಿ ಮೇಲೆ ಬಂದವನು, ಕಡಲುಗಳ್ಳತನದಲ್ಲೂ ಪಳಗಿದವನು, ಶಾಸ್ತ್ರ ಓದಿದವನು, ವೀಣೆ ನುಡಿಸುವವನು. ದಶರಥನನ್ನೇ ಯುದ್ಧದಲ್ಲಿ ಸೋಲಿಸಿ ಅವನ ಸಾಮ್ರಾಜ್ಯವಾದ ಇಡೀ ಸಪ್ತಸಿಂಧುವಿನ ವ್ಯಾಪಾರವನ್ನು ಕೈಯಲ್ಲಿ ಇಟ್ಟುಕೊಂಡವನು. ಅವನ ಬದುಕಿನಲ್ಲಿ ಪೂಜೆಯ ಜಾಗದಲ್ಲಿ ಇದ್ದ ಹೆಣ್ಣು ಒಬ್ಬಳೇ, ವೇದವತಿ. ಸೀತೆ ಆ ವೇದವತಿಯ ಮಗಳು ಅಂತ ಅವನಿಗೆ ಗೊತ್ತಾಗುವುದು ಸೀತೆಯನ್ನು ಹೊತ್ತು ತಂದ ಮೇಲೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

ಇದು ಪೂರ್ತಿ ಅಮೀಶರ ಕಲ್ಪನೆ ಅಂದುಕೊಳ್ಳಬೇಡಿ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾವಣನಿಂದ ಅವಮಾನಗೊಂಡು ಬೆಂಕಿಗೆ ಬಿದ್ದ ವೇದವತಿಯೇ ಮುಂದೆ ಸೀತೆಯಾಗಿ ಹುಟ್ಟುತ್ತಾಳೆ. ಗುಣಭದ್ರನ ಜೈನ ಉತ್ತರಪುರಾಣದಲ್ಲಿ ಸೀತೆ ರಾವಣನದ್ದೇ ಮಗಳು. ನಮ್ಮ ಕನ್ನಡದಲ್ಲಿ ನಾಗಚಂದ್ರ, ಅಭಿನವ ಪಂಪ ಅಂತ ಬಿರುದು ಇರುವವನು, ಸುಮಾರು ಒಂಬೈನೂರು ವರ್ಷದ ಹಿಂದೆ ‘ರಾಮಚಂದ್ರಚರಿತ ಪುರಾಣ’ ಬರೆದ. ಅವನ ರಾವಣ ಸೀತೆಯ ಗಟ್ಟಿ ಮನಸ್ಸು ಕಂಡು ಪಶ್ಚಾತ್ತಾಪ ಪಡ್ತಾನೆ. ಒಪ್ಪಿಸಿಬಿಡಬೇಕು ಅಂತ ನಿಶ್ಚಯ ಮಾಡ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಅಂತ ಆಗ್ತದೆ, ಯುದ್ಧದಲ್ಲಿ ಗೆದ್ದು ರಾಮನನ್ನು ಸೆರೆಹಿಡಿದು ಆಮೇಲೆ ಒಪ್ಪಿಸುತ್ತೇನೆ ಅಂತಾನೆ. ಆ ಹಟಕ್ಕೇ ಪ್ರಾಣ ಬಿಡ್ತಾನೆ. ಕನ್ನಡ ವಿಮರ್ಶಕರು ಅವನನ್ನು ದುರಂತ ನಾಯಕ ಅಂತಲೇ ಚರ್ಚೆ ಮಾಡಿಕೊಂಡು ಬಂದಿದ್ದಾರೆ. ಒಳ್ಳೆಯ ರಾವಣ ಅಂದ ಕೂಡಲೇ ಉತ್ತರ ಭಾರತದ ಓದುಗರು ಹುಬ್ಬೇರಿಸಿದರೂ ನಮಗೆ ಅದು ಹಳೆಯ ಪರಿಚಯ.

ಹಾಗಾದರೆ ನಾಲ್ಕನೇ ಪುಸ್ತಕದ ಕಷ್ಟ ಏನು? ಅದು ಸಾಹಿತ್ಯದ ಒಳಗಿನದ್ದೂ ಹೌದು, ಹೊರಗಿನದ್ದೂ ಹೌದು.

ಹೊರಗಿನದ್ದು ಮೊದಲು. ಮೊದಲ ಮೂರು ಪುಸ್ತಕ ಹಾಕಿದ್ದು ವೆಸ್ಟ್‌ಲ್ಯಾಂಡ್. ಅದನ್ನು ಟಾಟಾದವರಿಂದ ಅಮೆಜಾನ್ ಕೊಂಡುಕೊಂಡಿತ್ತು. 2022ರ ಫೆಬ್ರವರಿಯಲ್ಲಿ, ಇದ್ದಕ್ಕಿದ್ದ ಹಾಗೆ, ಮುಚ್ಚುತ್ತೇವೆ ಅಂತ ಅಮೆಜಾನ್ ಹೇಳಿತು. ಸರಣಿ ನಡುವಿನಲ್ಲಿ ಇರುವಾಗ ಪ್ರಕಾಶನವೇ ಇಲ್ಲ ಅಂತಾದರೆ ಲೇಖಕನ ಗತಿ ಏನು? ನಾಲ್ಕನೇ ಭಾಗ ಕೊಂಡವರು ಮೊದಲ ಮೂರನ್ನೂ ಕೇಳ್ತಾರಲ್ಲ. ಅಮೀಶ್ ಹಾರ್ಪರ್‌ಕಾಲಿನ್ಸ್‌ಗೆ ಹೋದರು. ‘ವಾರ್ ಆಫ್ ಲಂಕಾ’ ಅಲ್ಲಿಂದಲೇ ಬಂತು. ಈ ನಡುವೆ 2019ರಿಂದ ಅವರು ಲಂಡನ್ನಿನ ನೆಹರೂ ಸೆಂಟರಿನ ನಿರ್ದೇಶಕರಾಗಿದ್ದರು. 2020ರಲ್ಲಿ ಸುಹೇಲ್‌ದೇವ ಅನ್ನುವ ರಾಜನ ಮೇಲೆ ಬೇರೆ ಕಾದಂಬರಿಯೂ ಬಂತು. ಅಂತೂ ಕಾದಿದ್ದವರಿಗೆ ಮೂರು ವರ್ಷ ಉದ್ದವೇ ಆಯಿತು.

ಇನ್ನು ಒಳಗಿನ ಕಷ್ಟ. ಅದನ್ನು ಅರ್ಥ ಮಾಡಿಕೊಳ್ಳಲಿಕ್ಕೆ ಇಂಗ್ಲಿಷ್ ಕಾದಂಬರಿ ಬಿಟ್ಟು ಸ್ವಲ್ಪ ಹೊತ್ತು ತಾಳಮದ್ದಳೆಗೆ ಬನ್ನಿ.

ಮುಂಬಯಿಯಲ್ಲಿ ಊರಿನ ಜನ ಎಲ್ಲಿ ಉಂಟೋ ಅಲ್ಲಿ ತಾಳಮದ್ದಳೆ ಉಂಟು. ಹೋಟೆಲು ಕೆಲಸಕ್ಕೆ, ಬ್ಯಾಂಕು ಕೆಲಸಕ್ಕೆ ಅಂತ ಬಂದ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನವರು ಗಂಟಿನ ಜೊತೆಗೆ ಕಟ್ಟಿಕೊಂಡು ಬಂದದ್ದು ಇದನ್ನೇ. ಸಭಾಂಗಣದ ವೇದಿಕೆಯಲ್ಲಿ ಭಾಗವತರು, ಚೆಂಡೆ, ಮದ್ದಳೆ. ಎರಡೂ ಕಡೆ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಪಂಚೆ ಉಟ್ಟು, ಶಾಲು ಹೊದ್ದು ಕೂತಿರ್ತಾರೆ. ಬಣ್ಣ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಪ್ರಸಂಗ ‘ವಾಲಿವಧೆ’ ಅಂತ ಇಟ್ಟುಕೊಳ್ಳಿ. ರಾಮ ಮರೆಯಿಂದ ಬಾಣ ಬಿಟ್ಟಾಯಿತು, ವಾಲಿ ಬಿದ್ದಾಯಿತು. ಈಗ ವಾಲಿ ಕೇಳ್ತಾನೆ: ನಿನಗೂ ನನಗೂ ಏನು ಹಗೆ? ಎದುರಿಗೆ ಬಂದು ಹೊಡೆಯಲಿಕ್ಕೆ ಏನಾಗಿತ್ತು? ನನ್ನ ತಮ್ಮ ಮಾಡುವ ಸಹಾಯವನ್ನು ನನ್ನ ಹತ್ತಿರ ಕೇಳಿದ್ದರೆ ನಾನು ಕೊಡುತ್ತಿರಲಿಲ್ಲವಾ? ರಾಮನ ಅರ್ಥಧಾರಿ ಉತ್ತರ ಹುಡುಕಬೇಕು. ಪುಸ್ತಕ ನೋಡುವ ಹಾಗಿಲ್ಲ. ಎದುರಿನವರು ಯಾವ ಪ್ರಶ್ನೆ ಎಸೀತಾರೆ ಅಂತ ಮೊದಲೇ ಗೊತ್ತಿಲ್ಲ. ಸಭೆಯಲ್ಲಿ ಕೂತವರಿಗೆ ವಾಲಿ ಸಾಯ್ತಾನೆ ಅಂತ ನೂರು ಸಲ ಗೊತ್ತು. ಆದರೂ ಮುಂದಕ್ಕೆ ಬಾಗಿ ಕೂತು ಕೇಳ್ತಾರೆ. ಯಾಕೆಂದರೆ ಇವತ್ತಿನ ವಾಲಿಗೆ ಇವತ್ತಿನ ರಾಮ ಏನು ಹೇಳ್ತಾನೆ ಅಂತ ಗೊತ್ತಿಲ್ಲ.

ಗೊತ್ತಿರುವ ಕತೆಯ ಮುಂದಿನ ಭಾಗ ಬರೆಯುವವರಿಗೆ ಇರುವ ದಾರಿಯೂ ಇದೇ. ಕೊನೆಯನ್ನು ಬದಲಾಯಿಸಲಿಕ್ಕೆ ಆಗುವುದಿಲ್ಲ, ಆದರೆ ಪಾತ್ರಕ್ಕೆ ಹೊಸ ಪ್ರಶ್ನೆ ಹಾಕಬಹುದು. ‘ವಾರ್ ಆಫ್ ಲಂಕಾ’ದಲ್ಲಿ ರಾವಣನ ವಿಷಯಕ್ಕೆ ಬಂದಾಗ ಇದು ಚೆನ್ನಾಗಿಯೇ ಆಗಿದೆ. ಮೂರನೇ ಪುಸ್ತಕ ಓದಿ ಬಂದವರಿಗೆ ಅವನು ಬರೀ ಖಳನಾಯಕ ಆಗಿ ಉಳಿದಿರುವುದಿಲ್ಲ. ತಾನು ಪೂಜಿಸಿದವಳ ಮಗಳನ್ನೇ ಸೆರೆ ಇಟ್ಟವನು ಈಗ ಯುದ್ಧ ಮಾಡಬೇಕಾ, ಬಿಡಬೇಕಾ, ಮಾಡಿದರೆ ಯಾತಕ್ಕೆ? ಅಶೋಕವಾಟಿಕೆಯಲ್ಲಿ ಅವನೂ ಸೀತೆಯೂ ಮಾತಾಡುವ ಭಾಗಗಳಲ್ಲಿ ತಾಳಮದ್ದಳೆಯ ರುಚಿ ಉಂಟು. ಅವನ ಕೊನೆಯ ನಿರ್ಧಾರ ಏನು ಅಂತ ನಾನು ಹೇಳುವುದಿಲ್ಲ. ಪುಸ್ತಕದ ಜೀವ ಇರುವುದೇ ಅಲ್ಲಿ.

ಆದರೆ ಸೀತೆ?

ಎರಡನೇ ಪುಸ್ತಕದ ಹೆಸರೇ ಮಿಥಿಲೆಯ ಯೋಧೆ. ಅಲ್ಲಿ ಸೀತೆ ಮಿಥಿಲೆಯ ಪ್ರಧಾನಿ. ಕೋಲು ಹಿಡಿದು ಹೊಡೆದಾಡಲು ಕಲಿತವಳು, ಊರಿನ ಆಡಳಿತ ಸರಿಮಾಡಿದವಳು. ಮುಂದಿನ ವಿಷ್ಣು ಆಗಬೇಕಾದವಳು ಅವಳು ಅಂತ ವಿಶ್ವಾಮಿತ್ರರೇ ಆರಿಸಿದವಳು. ವಿಷ್ಣು ಅಂದರೆ ಇಲ್ಲಿ ಒಂದು ಪದವಿ, ಸಮಾಜಕ್ಕೆ ಹೊಸ ದಾರಿ ಹಾಕಿಕೊಡುವವರಿಗೆ ಸಿಗುವಂಥದ್ದು. ವಸಿಷ್ಠರ ಆಯ್ಕೆ ರಾಮ, ವಿಶ್ವಾಮಿತ್ರರ ಆಯ್ಕೆ ಸೀತೆ. ಇಬ್ಬರು ಗುರುಗಳ ಹಳೆಯ ಜಗಳದ ನಡುವೆ ಗಂಡ ಹೆಂಡತಿ. ಎಷ್ಟು ಒಳ್ಳೆಯ ಹೂಡಿಕೆ ನೋಡಿ. ರಾಮಾಯಣದ ಮೇಲಿನ ಜನಪ್ರಿಯ ಕಾದಂಬರಿಗಳಲ್ಲಿ ಇಷ್ಟು ಅಧಿಕಾರ ಇರುವ ಸೀತೆಯನ್ನು ನಾವು ಕಂಡದ್ದು ಕಡಿಮೆ.

ನಾಲ್ಕನೇ ಪುಸ್ತಕಕ್ಕೆ ಬರುವಾಗ ಹಳೆಯ ಕತೆ ಕೈಹಿಡಿದು ಜಗ್ಗುತ್ತದೆ. ಸೀತೆ ಅಶೋಕವಾಟಿಕೆಯಲ್ಲಿ ಇರಲೇಬೇಕು. ಸೇತುವೆ ಕಟ್ಟುವುದು ಬೇರೆಯವರು, ಯುದ್ಧತಂತ್ರ ಬೇರೆಯವರದ್ದು, ರಣರಂಗ ಬೇರೆಯವರದ್ದು. ಮಾತಿನಲ್ಲಿ ಅವಳು ಯಾರಿಗೂ ಕಡಿಮೆ ಇಲ್ಲ. ಆದರೆ ಎರಡನೇ ಪುಸ್ತಕದಲ್ಲಿ ನಾವು ಅವಳ ಕೈಯಲ್ಲಿ ಕಂಡದ್ದು ಆಯುಧ. ಸರಣಿಯ ಅತಿ ದೊಡ್ಡ ಯುದ್ಧ ನಡೆಯುವಾಗ ಸರಣಿಯ ಒಳ್ಳೆಯ ಯೋಧೆ ಸೆರೆಯಲ್ಲಿ ಇದ್ದಾಳೆ. ನನ್ನ ಮುಖ್ಯ ತಕರಾರು ಇದು. ಯುದ್ಧದ ವರ್ಣನೆ ಎಷ್ಟೇ ಭರ್ಜರಿಯಾಗಿರಲಿ, ಕಟ್ಟಿದ ಪಾತ್ರಕ್ಕೆ ಕೆಲಸ ಕೊಡದೆ ಹೋದರೆ ಆ ಸದ್ದು ಬೇಗ ಇಳಿದುಹೋಗ್ತದೆ.

“ಅಲ್ಲ ಮಾರಾಯ್ರೆ, ರಾಮಾಯಣ ಇರುವುದೇ ಹಾಗೆ, ಅಮೀಶ್ ಏನು ಮಾಡಬೇಕಿತ್ತು?” ಅಂತ ನೀವು ಕೇಳಬಹುದು. ಉತ್ತರ ನಂದಳಿಕೆಯಲ್ಲಿ ಉಂಟು.

ಕಾರ್ಕಳದ ಹತ್ತಿರದ ನಂದಳಿಕೆ. ಅಲ್ಲಿಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದವರು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿ ದುಡಿದವರು. ನಮಗೆಲ್ಲ ಗೊತ್ತಿರುವ ಹೆಸರು ಮುದ್ದಣ. ಕ್ಷಯರೋಗದಿಂದ 1901ರಲ್ಲಿ ತೀರಿಹೋದಾಗ ಮೂವತ್ತೊಂದು ವರ್ಷ. ಅವರು ಬರೆದ ‘ಅದ್ಭುತ ರಾಮಾಯಣ’ 1895ರಲ್ಲಿ ಅಚ್ಚಾಯಿತು. ತಾನು ಬರೆದದ್ದು ಅಂದರೆ ಯಾರೂ ಮೂಸುವುದಿಲ್ಲ ಅಂತಲೋ ಏನೋ, ಹಳೆಯ ಕಾಲದ ಹಸ್ತಪ್ರತಿ ಸಿಕ್ಕಿದೆ ಅನ್ನುವ ಹಾಗೆ ಮೈಸೂರಿಗೆ ಕಳಿಸಿದ್ದರು.

ಈ ಅದ್ಭುತ ರಾಮಾಯಣದ ಕತೆ ಸಂಸ್ಕೃತದಲ್ಲಿ ಮೊದಲೇ ಇದ್ದದ್ದು. ಅದು ಶುದ್ಧ ಮುಂದಿನ ಭಾಗ. ಯುದ್ಧ ಮುಗಿದಿದೆ, ಪಟ್ಟಾಭಿಷೇಕ ಆಗಿದೆ. ಋಷಿಗಳು ಬಂದು ರಾಮನನ್ನು ಹೊಗಳ್ತಾ ಇದ್ದಾರೆ, ಹತ್ತು ತಲೆಯವನನ್ನು ಕೊಂದವನು ಅಂತ. ಸೀತೆ ನಗ್ತಾಳೆ. ಯಾಕೆ ನಗು ಅಂತ ಕೇಳಿದರೆ, ಹತ್ತು ತಲೆಯವನು ಏನು ಮಹಾ, ಸಾವಿರ ತಲೆಯವನು ಒಬ್ಬ ಇನ್ನೂ ಇದ್ದಾನೆ ಅಂತಾಳೆ. ಸೇನೆ ಕಟ್ಟಿಕೊಂಡು ಎಲ್ಲರೂ ಹೊರಡ್ತಾರೆ. ಸಾವಿರ ತಲೆಯ ರಾವಣ ಒಂದೇ ಅಸ್ತ್ರಕ್ಕೆ ಇಡೀ ಸೇನೆಯನ್ನು ಅವರವರ ಊರಿಗೆ ಹಾರಿಸಿಬಿಡ್ತಾನೆ. ರಾಮನೂ ಮೂರ್ಛೆ ಹೋಗ್ತಾನೆ. ಆಗ ಸೀತೆ ಎದ್ದು, ಕಾಳಿಯ ರೂಪ ತಾಳಿ, ಕತ್ತಿ ಹಿಡಿದು ಆ ಸಾವಿರ ತಲೆಯನ್ನೂ ಕಡಿದು ಹಾಕ್ತಾಳೆ.

ಇದನ್ನು ಕಟ್ಟಿದವರ ಜಾಣತನ ನೋಡಿ. ವಾಲ್ಮೀಕಿ ಹೇಳಿದ ಯುದ್ಧಕ್ಕೆ ಕೈ ಹಾಕಲಿಲ್ಲ, ಅಲ್ಲಿ ರಾಮ ಗೆದ್ದದ್ದು ಗೆದ್ದದ್ದೇ. ಸೀತೆಗೆ ಅಂತ ಬೇರೆಯೇ ಒಂದು ಯುದ್ಧ ಕೊಟ್ಟರು. ಮುಂದಿನ ಭಾಗ ಅಂತ ಒಂದು ಬೇಕಾದದ್ದೇ ಅವಳಿಗೋಸ್ಕರ.

ಮುಂದಿನ ಭಾಗಕ್ಕೆ ಜನರ ಹಸಿವು ಎಷ್ಟು ಅಂತ ಇನ್ನೊಂದು ಸಂಗತಿ. 1988ರ ಜುಲೈ ಕೊನೆಗೆ ರಮಾನಂದ ಸಾಗರ್ ಅವರ ‘ರಾಮಾಯಣ’ ದೂರದರ್ಶನದಲ್ಲಿ ಮುಗಿಯಿತು, ಪಟ್ಟಾಭಿಷೇಕಕ್ಕೆ ಮಂಗಳ. ಪಂಜಾಬಿನ ಜಲಂಧರದಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ಸಂಬಳಕ್ಕಲ್ಲ, ಉತ್ತರಕಾಂಡಕ್ಕೆ. ಅವರು ಸೇರಿದ ವಾಲ್ಮೀಕಿ ಸಮುದಾಯಕ್ಕೆ ಕವಿ ವಾಲ್ಮೀಕಿ ಪೂಜ್ಯ ಗುರು. ಆ ಕವಿ ಸ್ವತಃ ಕತೆಯೊಳಗೆ ಬಂದು ಸೀತೆಗೆ ಆಶ್ರಯ ಕೊಡುವ ಕಾಂಡವನ್ನೇ ಬಿಟ್ಟರೆ ಹೇಗೆ ಅಂತ ಅವರ ಪ್ರಶ್ನೆ. ಮುಂದೆ ಉತ್ತರ ರಾಮಾಯಣವೂ ಪ್ರಸಾರ ಆಯಿತು. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಅವರಿಗೆ ಬೇಕಾಗಿದ್ದದ್ದು ತಮ್ಮವನ ಪಾಲು.

ಈಗಲೂ ನೋಡಿ. ನಿತೇಶ್ ತಿವಾರಿ ಅವರ ‘ರಾಮಾಯಣ’ ಸಿನಿಮಾ ಎರಡು ಭಾಗದಲ್ಲಿ, 2026 ಮತ್ತು 2027ರ ದೀಪಾವಳಿಗೆ ಅಂತ ಘೋಷಣೆ ಆದದ್ದು. ರಾವಣ ನಮ್ಮ ಯಶ್. ಕನ್ನಡಿಗರಲ್ಲಿ ಎಷ್ಟು ಜನ ರಾಮನನ್ನು ನೋಡಲಿಕ್ಕೆ ಹೋಗ್ತಾರೆ, ಎಷ್ಟು ಜನ ರಾವಣನನ್ನು ನೋಡಲಿಕ್ಕೆ ಹೋಗ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಕೊನೆಗೆ, ಓದುವ ಕ್ರಮ. ತುಂಬ ಜನ ಕೇಳುವ ಪ್ರಶ್ನೆ. ಅಮೀಶರ ಲೋಕಕ್ಕೆ ಹೊಸಬರಾದರೆ ಶಿವ ಸರಣಿಯಿಂದಲೇ ಶುರು ಮಾಡಿ. ಅಲ್ಲಿ ನಾಗರು ಅಂದರೆ ಅಂಗವಿಕಲರಾಗಿ ಹುಟ್ಟಿದ್ದಕ್ಕೆ ಸಮಾಜ ಹೊರಗಿಟ್ಟವರು, ಎಲ್ಲರೂ ಹೆದರುವವರು. ಅದನ್ನು ಓದಿ ಬಂದರೆ ರಾಮಚಂದ್ರ ಸರಣಿಯಲ್ಲಿ ಜಟಾಯು, ಹನುಮಂತ, ಕುಂಭಕರ್ಣ ಇವರೆಲ್ಲ ನಾಗರು ಅಂತ ಗೊತ್ತಾಗುವಾಗ ಅದರ ತೂಕ ಬೇರೆ. ರಾಮಚಂದ್ರ ಸರಣಿಯಲ್ಲಿ ಅಚ್ಚಾದ ಕ್ರಮವೇ ಸರಿ. ರಾವಣನ ಪುಸ್ತಕವನ್ನು ಮೊದಲೇ ಓದಬೇಡಿ, ಓದಿದರೆ ರಾಮನ ಸಿಟ್ಟು ನಿಮ್ಮದಾಗುವುದಿಲ್ಲ. ನಾಲ್ಕನೆಯದನ್ನು ಮಾತ್ರ ಬಿಡಿಯಾಗಿ ಎತ್ತಿಕೊಂಡರೆ ಏನೂ ದಕ್ಕುವುದಿಲ್ಲ, ಯುದ್ಧ ಮಾತ್ರ ಸಿಗ್ತದೆ.

‘ವಾರ್ ಆಫ್ ಲಂಕಾ’ ಓದಬೇಕಾ ಅಂದರೆ, ಓದಿ. ರಾವಣನಿಗೋಸ್ಕರ ಓದಿ. ಆ ಪಾತ್ರಕ್ಕೆ ಮೂರನೇ ಪುಸ್ತಕದಲ್ಲಿ ಕೊಟ್ಟ ಮಾತನ್ನು ನಾಲ್ಕನೆಯದು ಉಳಿಸಿಕೊಂಡಿದೆ. ಸೀತೆಗೆ ಕೊಟ್ಟ ಮಾತು ಬಾಕಿ ಉಂಟು. ಈ ಸರಣಿಯಲ್ಲಿ ಇನ್ನೊಂದು ಪುಸ್ತಕ ಬಂದರೆ ನಾನು ಮೊದಲು ಹುಡುಕುವುದು ಅದನ್ನೇ: ವಿಷ್ಣು ಆಗಬೇಕಿದ್ದವಳಿಗೆ ಅವಳದ್ದೇ ಅನ್ನುವ ಒಂದು ಕೆಲಸ ಸಿಕ್ಕಿತಾ ಅಂತ. ಅದ್ಭುತ ರಾಮಾಯಣ ಹೊಸ ರಾವಣನನ್ನೇ ಎದುರಿಗೆ ನಿಲ್ಲಿಸಿತು. ಅಮೀಶರಿಗೆ ಅಷ್ಟು ತಲೆ ಬೇಕಾಗಲಿಕ್ಕಿಲ್ಲ, ಗೆದ್ದ ಮೇಲೆ ಒಂದು ದೇಶ ಕಟ್ಟುವ ಕೆಲಸ ಹೇಗೂ ಬಾಕಿ ಉಂಟಲ್ಲ.

ಮುಂದಿನ ಕಂತಿನಲ್ಲಿ ನಾಗಚಂದ್ರನ ರಾವಣನನ್ನೇ ಕೂರಿಸಿಕೊಂಡು ಮಾತಾಡುವ.